ಮೀಟರ್ ಹಾಕುವ ಮೊದಲು ಕೊನೆ ಮನೆಗೆ ನೀರು ಬರಬೇಕಲ್ವಾ? ನಮ್ಮ ಪಂಚಾಯಿತಿ ಠರಾವಿನ ಬಗ್ಗೆ ಏನು ಹೇಳುತ್ತೀರಿ

ಕೊನೆಮನೆ (ಮುಂಡರಗಿ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಹೋದ ವಾರ ನಮ್ಮ ಪಂಚಾಯಿತಿ ಗೋಡೆಗೆ ಒಂದು ನೋಟಿಸು ಹಚ್ಚಿದ್ದಾರೆ. ಮುಂದಿನ ತಿಂಗಳಿಂದ ನಳದ ನೀರಿಗೆ ಮೀಟರ್ ನೋಡಿ ಬಿಲ್ಲು ಕೊಡುತ್ತಾರಂತೆ. ನಳಕ್ಕೆ ನೇರವಾಗಿ ಮೋಟರ್ ಹಚ್ಚಿದರೆ ಸಂಪರ್ಕ ಕಟ್ ಮಾಡುತ್ತಾರಂತೆ. ಓಣಿಯಲ್ಲಿರುವ ತಿಪ್ಪೆ, ಕಟ್ಟಿಗೆ, ಬಣವೆ, ಗಟಾರದ ಮೇಲೆ ಕಟ್ಟಿಕೊಂಡ ಕಟ್ಟೆ, ಮೆಟ್ಟಿಲು ಎಲ್ಲ 7 ದಿನದಲ್ಲಿ ತೆಗೆಯಬೇಕು, ಇಲ್ಲದಿದ್ದರೆ ಜೆಸಿಬಿ ಬರುತ್ತದೆ ಅಂತಲೂ ಇದೆ. ಕೆಳಗೆ "ಗ್ರಾಮಸಭೆಯ ಠರಾವಿನಂತೆ" ಎಂದು ಬರೆದಿದ್ದಾರೆ.

ಆ ಗ್ರಾಮಸಭೆ ಯಾವಾಗ ಆಯಿತು ಅಂತ ನಮ್ಮ ಓಣಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಡಂಗುರ ಹೊಡೆದದ್ದು ಯಾರೂ ಕೇಳಿಲ್ಲ.

ನಿಯಮವೇ ಬೇಡ ಅನ್ನುವವಳು ನಾನಲ್ಲ. ನೀರಪಟ್ಟಿ, ಮನೆಪಟ್ಟಿ (ನೀರಿನ ಕರ, ಮನೆಯ ಕರ) ಎರಡನ್ನೂ ವರ್ಷಾ ವರ್ಷ ತುಂಬಿದ ಪಾವತಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ಮೋಟರ್ ಹಚ್ಚುವವರನ್ನು ತಡೆದರೆ ಮೊದಲು ಖುಷಿ ಪಡುವವಳು ನಾನೇ. ಯಾಕಂದರೆ ನಮ್ಮದು ಓಣಿಯ ಕೊನೆಯ ಮನೆ. ಟಾಕಿಯಿಂದ ಇಳಿದ ಪೈಪು 38 ಮನೆ ದಾಟಿ, ದಿಬ್ಬ ಹತ್ತಿ ನಮ್ಮ ಬಾಗಿಲಿಗೆ ಬರುತ್ತದೆ. ಮೂರು ದಿನಕ್ಕೊಮ್ಮೆ ನೀರು.

ನಿನ್ನೆ ನಸುಕಿನಲ್ಲಿ ಎದ್ದು ಮೊಬೈಲ್ ಬೆಳಕು ಹಿಡಿದು ನಳದ ಮುಂದೆ ಕೂತೆ. ಮೊದಲು ನಳ ಸುಸ್ಸ್ ಅಂತ ಉಸಿರು ಬಿಟ್ಟಿತು. ಅಂಗೈ ಒಡ್ಡಿದರೆ ಬರೀ ಗಾಳಿ. ಹನಿ ನೀರಿಲ್ಲ. ಆದರೆ ಮೀಟರಿನ ಮುಳ್ಳು ಗಿರ್ರನೆ ತಿರುಗುತ್ತಿತ್ತು! ಹತ್ತು ನಿಮಿಷ ಹಾಗೇ ತಿರುಗಿತು. ಆಮೇಲೆ ಎರಡು ತಂಬಿಗೆ ಕೆಂಪು ನೀರು, ಆಮೇಲೆ ಕಿರುಬೆರಳಿನಷ್ಟು ಧಾರೆ. ಏಳನೇ ಕೊಡ ತುಂಬುವಷ್ಟರಲ್ಲಿ ಮತ್ತೆ ಗಾಳಿ. ಕೊಡಕ್ಕೆ 15 ಲೀಟರ್ ಅಂತ ಹಿಡಿದರೂ 105 ಲೀಟರ್ ಆಯಿತು. ಮೀಟರ್ ಮಾತ್ರ 180 ಮುಂದೆ ಹೋಗಿತ್ತು.

ಗಾಳಿಗೂ ನಾನು ದುಡ್ಡು ಕಟ್ಟಬೇಕಾ? ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಹೇಳಿ.

ಪ್ಲಂಬರ್ ತಮ್ಮ (ಹುಬ್ಬಳ್ಳಿ):

ಅಕ್ಕಾ, ನೀವು ನೋಡಿದ್ದು ಸರಿ ಇದೆ. ಮನೆ ಮೀಟರಿನ ಒಳಗೆ ಒಂದು ಸಣ್ಣ ಚಕ್ರ ಇರುತ್ತದೆ. ಅದನ್ನು ತಳ್ಳಿದ್ದು ನೀರೋ ಗಾಳಿಯೋ ಅಂತ ಅದಕ್ಕೆ ತಿಳಿಯುವುದಿಲ್ಲ. ಗಾಳಿ ಹಗುರ ಇರುವುದರಿಂದ ನೀರಿಗಿಂತ ಜೋರಾಗಿಯೇ ತಿರುಗಿಸುತ್ತದೆ. ಮೂರು ದಿನಕ್ಕೊಮ್ಮೆ ನೀರು ಬಿಡುವ ಕಡೆ ಪೈಪು ಪ್ರತಿ ಸಲ ಖಾಲಿಯಾಗಿ ಗಾಳಿ ತುಂಬಿಕೊಳ್ಳುತ್ತದೆ. ಮುಂದಿನ ಸಲ ವಾಲ್ವ್ ತೆಗೆದಾಗ ಆ ಗಾಳಿ ಎಲ್ಲಿ ಹೋಗಬೇಕು? ಎತ್ತರದಲ್ಲಿ ಇರುವ, ಕೊನೆಯಲ್ಲಿ ಇರುವ ನಳಗಳಿಂದಲೇ ಹೊರಗೆ ಬರುತ್ತದೆ. ನಿಮ್ಮದು ಎರಡೂ ಆಗಿದೆ.

ಇದಕ್ಕೆ ದೊಡ್ಡ ಖರ್ಚಿಲ್ಲ. ದಿಬ್ಬದ ನೆತ್ತಿಯಲ್ಲಿ ಪೈಪಿಗೆ ಒಂದು ಏರ್ ವಾಲ್ವ್ ಕೂಡಿಸಬೇಕು. ಅದು ಗಾಳಿ ಬಿಟ್ಟು ನೀರು ಬಂದ ಕೂಡಲೇ ತಾನೇ ಮುಚ್ಚಿಕೊಳ್ಳುತ್ತದೆ. ಪೈಪು ಹಾಕುವಾಗಲೇ ಇದನ್ನು ಹಾಕಬೇಕಿತ್ತು. ನಿಮ್ಮ ಓಣಿಯಲ್ಲಿ ಇದೆಯಾ ಅಂತ ಮೊದಲು ನೋಡಿ. ಎಷ್ಟೋ ಕಡೆ ಹಾಕಿ, ಮೇಲೆ ಕಾಂಕ್ರೀಟ್ ಸುರಿದು ಮುಚ್ಚಿಬಿಟ್ಟಿರುತ್ತಾರೆ.

ತಡಸಿನಕೊಪ್ಪ ದಾರಿ (ಧಾರವಾಡ):

ನಾನು ಮೀಟರ್ ಪರ. ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಡೆ 2008ರಲ್ಲಿ ಹುಬ್ಬಳ್ಳಿ ಮತ್ತು ಧಾರವಾಡದ ಕೆಲವು ವಾರ್ಡುಗಳಿಗೆ 24 ಗಂಟೆ ನೀರು ಶುರುವಾಯಿತು. ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೂ ಅದೇ ಯೋಜನೆ. ನಮ್ಮ ಹುಬ್ಬಳ್ಳಿ-ಧಾರವಾಡಕ್ಕೆ ಬಂದದ್ದು ಮಲಪ್ರಭೆಯ ನೀರೇ. ಮೀಟರ್ ಬಂದಾಗ ನಮ್ಮ ಮನೆಯಲ್ಲೂ ಗಲಾಟೆ ಆಯಿತು. ಆದರೆ ಒಂದು ವರ್ಷದಲ್ಲಿ ಜನ ಬದಲಾದರು. ಹಳೆಯ ನೀರು ಅಂತ ಚೆಲ್ಲಿ ಹೊಸದು ತುಂಬುವುದು ನಿಂತಿತು. ಮೀಟರ್ ಇಲ್ಲದ ಊರುಗಳಲ್ಲಿ ಈಗಲೂ ನೋಡಿ, ನೀರು ಬಂದ ದಿನ ಟ್ರ್ಯಾಕ್ಟರ್ ತೊಳೆಯುತ್ತಾರೆ, ನಳಕ್ಕೆ ತಿರುಗಣೆಯೇ ಇರುವುದಿಲ್ಲ, ನೀರು ಗಟಾರಕ್ಕೆ ಹೋಗುತ್ತಿರುತ್ತದೆ. ಕೊನೆ ಮನೆಗೆ ನೀರು ಬರದಿರುವುದಕ್ಕೆ ಅದೂ ಕಾರಣ ಅಲ್ವಾ?

ಆದರೆ ಅಕ್ಕಾ, ನಿಮ್ಮ ಮಾತಿನಲ್ಲಿ ಒಂದು ಪೂರ್ತಿ ನ್ಯಾಯ ಇದೆ. ನಮ್ಮಲ್ಲಿ ಪೈಪು ಬದಲಾಯಿಸಿ, ನೀರು ನಿಲ್ಲದಂತೆ ಮಾಡಿ ಮೀಟರ್ ಓದಿದರು. ಪೈಪಿನಲ್ಲಿ ಸದಾ ನೀರು ತುಂಬಿರುವಾಗ ಗಾಳಿಯ ಪ್ರಶ್ನೆಯೇ ಇಲ್ಲ. ಇನ್ನೊಂದು ವಿಷಯ. ಖಾಲಿ ಪೈಪು ಬರೀ ಗಾಳಿ ಎಳೆದುಕೊಳ್ಳುವುದಿಲ್ಲ. ಸೀಳು ಇದ್ದ ಕಡೆ ಅಕ್ಕಪಕ್ಕದ ಗಟಾರದ ನೀರನ್ನೂ ಒಳಗೆ ಎಳೆಯುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲೇ ಎರಡೂ ಬಗೆಯ ವಾರ್ಡುಗಳ ನೀರನ್ನು ಹೋಲಿಸಿ ಅಧ್ಯಯನ ಮಾಡಿದ್ದಾರೆ. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಕೊಳಕು ಜಾಸ್ತಿ ಕಂಡಿತು.

ಎರೆಹೊಲ (ರೋಣ):

ಧಾರವಾಡದ ಅಣ್ಣಾ, ಪಟ್ಟಣದ ಲೆಕ್ಕ ಹಳ್ಳಿಗೆ ಹಚ್ಚಬೇಡಿ. ನಿಮ್ಮ ಮನೆಯಲ್ಲಿ ಎಮ್ಮೆ ಇದೆಯಾ?

ಮನೆ ಮನೆಗೆ ನಳ ಕೊಡುವ ಜಲಜೀವನ ಮಿಷನ್ ಯೋಜನೆಯ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್. ಐದು ಮಂದಿ ಇದ್ದರೆ 275 ಲೀಟರ್, ಅಂದರೆ ಹದಿನೆಂಟು ಕೊಡ. ಮನುಷ್ಯರಿಗೆ ಸಾಲಬಹುದು. ಆದರೆ ಹಾಲು ಕೊಡುವ ಒಂದು ಎಮ್ಮೆಗೆ ಬೇಸಿಗೆಯಲ್ಲಿ 60–70 ಲೀಟರ್ ಬೇಕೇ ಬೇಕು. ಮೈ ತೊಳೆಯುವುದು ಬೇರೆ. ಎರಡು ಎಮ್ಮೆ ಇದ್ದ ಮನೆಯ ಮೀಟರ್ ಓಡುತ್ತದೆ. ಅದನ್ನು ನೋಡಿ "ನೀವು ನೀರು ಪೋಲು ಮಾಡುತ್ತೀರಿ" ಅನ್ನುತ್ತಾರೆ. ಮೊದಲು ಪ್ರತಿ ಊರಿನಲ್ಲಿ ದನಕ್ಕೆ ಕುಡಿಯುವ ತೊಟ್ಟಿ ಇರುತ್ತಿತ್ತು, ಬೋರಿನ ನೀರು ಬೀಳುತ್ತಿತ್ತು. ಈಗ ಎಷ್ಟು ತೊಟ್ಟಿಯಲ್ಲಿ ನೀರಿದೆ? ನಮ್ಮೂರಿನದರಲ್ಲಿ ಪ್ಲಾಸ್ಟಿಕ್ ಚೀಲ ತುಂಬಿದೆ.

ಮೀಟರ್ ಹಾಕಿ, ಬೇಡ ಅನ್ನುವುದಿಲ್ಲ. ತೊಟ್ಟಿಗೆ ಮೊದಲು ನೀರು ಬಿಡಿ.

ವಾಲ್ವ್ ಚಾವಿ (ಹಾವೇರಿ ಜಿಲ್ಲೆ):

ನಾನು ನೀರಗಂಟಿ, ಊರಿಗೆ ನೀರು ಬಿಡುವವನು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಎಲ್ಲರೂ ಬರೆದದ್ದು ಓದಿದೆ. ನಮ್ಮ ಕಡೆಯ ಮಾತೂ ಇರಲಿ ಅಂತ ಬರೆಯುತ್ತಿದ್ದೇನೆ.

ನಮ್ಮೂರಲ್ಲಿ 50 ಸಾವಿರ ಲೀಟರಿನ ಒಂದು ಟಾಕಿ, ಒಂಬತ್ತು ವಾಲ್ವ್. ಒಂದೊಂದು ಓಣಿಗೆ ಒಂದೊಂದು ಪಾಳಿ. ನಸುಕಿನಲ್ಲಿ ಕರೆಂಟ್ ಇದ್ದರೆ ಟಾಕಿ ತುಂಬುತ್ತದೆ, ಇಲ್ಲದಿದ್ದರೆ ಇಲ್ಲ. ಒಂದು ಓಣಿಗೆ ನಲವತ್ತು ನಿಮಿಷ ಅಂತ ನಾನು ಬಿಡುತ್ತೇನೆ. ಆ ನಲವತ್ತು ನಿಮಿಷದಲ್ಲಿ ಮೊದಲ ಹತ್ತು ಮನೆಯವರು ಮೋಟರ್ ಹಚ್ಚಿ ನೆಲದ ಟ್ಯಾಂಕು, ಮೇಲಿನ ಟ್ಯಾಂಕು ಎರಡೂ ತುಂಬಿಕೊಳ್ಳುತ್ತಾರೆ. ಕೊನೆ ಮನೆಯ ಅಮ್ಮ ಬಂದು ನನಗೆ ಬೈಯುತ್ತಾರೆ. ನಾನು ಇನ್ನೊಂದು ಹತ್ತು ನಿಮಿಷ ಬಿಟ್ಟರೆ ಮುಂದಿನ ಓಣಿಗೆ ಕಡಿಮೆ. ಆಗ ಆ ಓಣಿಯವರು ಬೈಯುತ್ತಾರೆ.

ಮೋಟರ್ ಯಾರ ಮನೆಯಲ್ಲಿ ಇದೆ ಅಂತ ನನಗೆ ಗೊತ್ತು. ಪೈಪಿಗೆ ಕಿವಿ ಹಚ್ಚಿದರೆ ಗುಂಯ್ ಅಂತ ಕೇಳುತ್ತದೆ. ಆದರೆ ನಾನು ಹೋಗಿ ಬಿಚ್ಚಲಿಕ್ಕೆ ಆಗುತ್ತದಾ? ಅದರಲ್ಲಿ ಪಂಚಾಯಿತಿಯಲ್ಲಿ ಕೂತವರ ಮನೆಯೂ ಇರುತ್ತದೆ. ನಿಯಮ ಬರೆಯುವುದು ಸುಲಭ. ಬಾಗಿಲಿಗೆ ಹೋಗಿ ನಿಲ್ಲುವವನಿಗೆ ಬೆನ್ನಿಗೆ ಊರು ಬೇಕು.

ಕೊನೆಮನೆ ಅಕ್ಕಾ, ಒಂದು ಕೆಲಸ ಮಾಡಿ. ನಿಮ್ಮ ನೀರಗಂಟಿಗೆ ಬೈಯದೆ ಕೇಳಿ, ನಿಮ್ಮ ಓಣಿಗೆ ಎಷ್ಟು ನಿಮಿಷ ಬಿಡುತ್ತಾರೆ ಅಂತ. ಮತ್ತೆ ನಿಮ್ಮ ಓಣಿಯ ನಡುವೆ ಒಂದು ವಾಲ್ವ್ ಕೂಡಿಸಿದರೆ ದಿಬ್ಬದ ಮನೆಗಳಿಗೆ ಬೇರೆ ಪಾಳಿ ಮಾಡಬಹುದು. ನಮ್ಮಲ್ಲಿ ಹಾಗೆ ಮಾಡಿದ ಮೇಲೆ ದಿಬ್ಬದ ಆರು ಮನೆಗಳ ಜಗಳ ನಿಂತಿತು.

ಹಳೆ ಕಾರ್ಯದರ್ಶಿ (ಗದಗ):

ಪಂಚಾಯಿತಿ ಕಾರ್ಯದರ್ಶಿಯಾಗಿ ನಿವೃತ್ತನಾದವನು ನಾನು. ತಂಗಿ, ನಿನ್ನ ಪ್ರಶ್ನೆಯಲ್ಲಿ ಎಲ್ಲರೂ ದಾಟಿ ಹೋದ ಒಂದು ಮಾತಿದೆ. "ಗ್ರಾಮಸಭೆಯ ಠರಾವಿನಂತೆ." ಅಲ್ಲಿಂದ ಶುರು ಮಾಡು.

ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ವಾರ್ಡ್ ಸಭೆ, ಗ್ರಾಮಸಭೆ ಎರಡೂ ಇವೆ. ಎರಡನ್ನೂ ಆರು ತಿಂಗಳಿಗೆ ಒಮ್ಮೆಯಾದರೂ ಕರೆಯಬೇಕು. ವಾರ್ಡ್ ಸಭೆಗೆ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟಾದರೂ ಇರಬೇಕು. ಗ್ರಾಮಸಭೆಗೆ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಮತ್ತು ಪ್ರತಿ ವಾರ್ಡಿನಿಂದ ಕನಿಷ್ಠ ಹತ್ತು ಜನ. ಬಂದವರಲ್ಲಿ ಶೇ 30ರಷ್ಟು ಹೆಣ್ಣುಮಕ್ಕಳು ಇರಬೇಕು. ಹಾಜರಾತಿ ಪುಸ್ತಕದಲ್ಲಿ ಸಹಿ, ಹೆಬ್ಬೆಟ್ಟು ಇರಬೇಕು.

ನಿಮ್ಮ ವಾರ್ಡಿನಿಂದ ಹತ್ತು ಜನ ಹೋಗಿದ್ದರೆ ನಿಮ್ಮ ಓಣಿಗೆ ಗೊತ್ತಾಗದೆ ಇರುತ್ತಿತ್ತಾ? ಅದನ್ನೇ ಬರಹದಲ್ಲಿ ಕೇಳು. ಠರಾವಿನ ನಕಲು, ಹಾಜರಾತಿಯ ನಕಲು ಎರಡೂ ಬೇಕು ಅಂತ. ಹಾಗೆ ಕೇಳಿಯೂ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ, 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಬಿಪಿಎಲ್ ಕಾರ್ಡ್ ಇದ್ದರೆ ಆ ಹತ್ತು ರೂಪಾಯಿಯೂ ಇಲ್ಲ.

ನಾನು ಕೆಲಸದಲ್ಲಿದ್ದಾಗ ಒಂದು ತಪ್ಪು ಮಾಡಿದ್ದೇನೆ, ಇಲ್ಲಿ ಹೇಳಿಯೇಬಿಡುತ್ತೇನೆ. ಸಭೆಗೆ ಜನ ಬಾರದ ದಿನ ಹಾಜರಾತಿ ಪುಸ್ತಕವನ್ನು ಜವಾನನ ಕೈಯಲ್ಲಿ ಕೊಟ್ಟು ಮನೆ ಮನೆಗೆ ಕಳಿಸಿದ್ದೆ. ಸಹಿ ಆಗಿ ಬಂತು. ಸಭೆ ಆಗಿರಲಿಲ್ಲ. ಎರಡು ವರ್ಷದ ಮೇಲೆ ಅದೇ ಠರಾವಿನ ಮೇಲೆ ಒಬ್ಬ ಮುದುಕಿಯ ಗುಡಿಸಲ ಮುಂದಿನ ಚಪ್ಪರ ತೆಗೆಸಿದರು. ಆ ಪುಸ್ತಕದಲ್ಲಿ ಆಕೆಯದೇ ಹೆಬ್ಬೆಟ್ಟಿತ್ತು. ಆಕೆ ನನ್ನ ಮುಖ ನೋಡಿ ಏನೂ ಅನ್ನಲಿಲ್ಲ. ಇವತ್ತಿಗೂ ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಆದ್ದರಿಂದ ಇದನ್ನು ಓದುವ ಎಲ್ಲರಿಗೂ ಹೇಳುತ್ತೇನೆ. ಪುಸ್ತಕ ಮನೆಗೆ ಬಂದರೆ ಸಹಿ ಹಾಕಬೇಡಿ. ಸಭೆ ಎಲ್ಲಿ ಅಂತ ಕೇಳಿ, ಅಲ್ಲಿಗೇ ಹೋಗಿ ಹಾಕಿ.

ಕೊನೆಮನೆ:

ಕಾಕಾ, ಓದಿ ಕಣ್ಣು ತುಂಬಿ ಬಂತು. ನಮ್ಮ ಅತ್ತೆಯವರನ್ನು ಕೇಳಿದೆ. "ಹೌದವಾ, ಒಬ್ಬ ಹುಡುಗ ಬಂದು ಅಕ್ಕಿ ಕಾರ್ಡಿಂದು ಅಂತ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ" ಅಂದರು. ಅದು ಯಾವುದರದ್ದೋ ಗೊತ್ತಿಲ್ಲ, ಆದರೆ ನಾಳೆಯೇ ಅರ್ಜಿ ಕೊಡುತ್ತೇನೆ.

ಗೋಧೂಳಿ (ಲಕ್ಷ್ಮೇಶ್ವರ):

ನೀರಿನ ಮಾತು ಸರಿ. ತಿಪ್ಪೆಯ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಮಾತಾಡುತ್ತೇನೆ.

ನಮ್ಮ ಮನೆಯಲ್ಲಿ ಮೂರು ಎಮ್ಮೆ, ಹೊಲ ಇಲ್ಲ. ಹಾಲು ಡೇರಿಗೆ ಹಾಕಿ ಮಕ್ಕಳನ್ನು ಓದಿಸುತ್ತಿದ್ದೇವೆ. ಹಿತ್ತಲು ನಮ್ಮ ಮಾವನ ಕಾಲದಲ್ಲೇ ಪಾಲಾಗಿ ಹೋಯಿತು. ದಿನಕ್ಕೆ ಐದಾರು ಬುಟ್ಟಿ ಶೆಗಣಿ. ಸ್ವಲ್ಪ ಕುಳ್ಳು ತಟ್ಟುತ್ತೇವೆ, ಉಳಿದದ್ದು ಓಣಿಯ ಮೂಲೆಯ ತಿಪ್ಪೆಗೆ. ಬೇಸಿಗೆಯಲ್ಲಿ ರೈತರು ಚಕ್ಕಡಿ, ಟ್ರ್ಯಾಕ್ಟರ್ ತಂದು ಕೊಂಡೊಯ್ಯುತ್ತಾರೆ. ಆ ದುಡ್ಡಿನಲ್ಲಿ ಎಮ್ಮೆಗೆ ಹಿಂಡಿ ಬರುತ್ತದೆ. ನಮಗೆ ತಿಪ್ಪೆ ಕಸ ಅಲ್ಲ.

ನಮ್ಮೂರಲ್ಲೂ ಇಂಥದೇ ನೋಟಿಸು ಬಂತು. "ತೆಗೆಯಿರಿ" ಅಂತ ಇತ್ತು, "ಇಲ್ಲಿ ಹಾಕಿ" ಅಂತ ಇರಲಿಲ್ಲ. ಜೆಸಿಬಿ ಬಂದು ವರ್ಷದ ಗೊಬ್ಬರವನ್ನು ಮಣ್ಣು, ಕಲ್ಲಿನ ಜೊತೆ ಕಲೆಸಿ ಹಳ್ಳದ ದಂಡೆಗೆ ಚೆಲ್ಲಿತು. ಮರುದಿನದಿಂದ ಶೆಗಣಿ ಎಲ್ಲಿ ಹಾಕಬೇಕು? ಎಮ್ಮೆ ಕೇಳುತ್ತದಾ? ರಾತ್ರಿ ಹೋಗಿ ಗಟಾರಕ್ಕೆ ಹಾಕಿದವರೂ ಇದ್ದಾರೆ. ಗಟಾರ ಕಟ್ಟಿತು, ಸೊಳ್ಳೆ ಆಯಿತು, ಮತ್ತೆ ನಮಗೇ ಬೈಗುಳ.

ಸದಸ್ಯೆ (ಹಾನಗಲ್ ತಾಲ್ಲೂಕು):

ಗೋಧೂಳಿ ಅಕ್ಕಾ, ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನಿಮ್ಮ ಮಾತಿಗೆ ಉತ್ತರ ಕೊಡಬೇಕು ಅನ್ನಿಸಿತು.

ಓಣಿಯಲ್ಲಿ ತಿಪ್ಪೆ ಇರಬಾರದು ಅನ್ನುವ ಕಡೆ ನಾನೇ ಕೈ ಎತ್ತಿದವಳು. ಯಾಕಂದರೆ ನಮ್ಮ ಓಣಿಗೆ ಆಂಬುಲೆನ್ಸ್ ಬರಲಿಲ್ಲ. ಹೆರಿಗೆ ನೋವಿನಲ್ಲಿದ್ದ ಹುಡುಗಿಯನ್ನು ಮಂಚದ ಮೇಲೆ ಹೊತ್ತು ಮುಖ್ಯ ರಸ್ತೆಗೆ ತಂದೆವು. ಎರಡೂ ಕಡೆ ಕಟ್ಟೆ, ನಡುವೆ ಕಟ್ಟಿಗೆ ರಾಶಿ. ಅದನ್ನು ಕಣ್ಣಾರೆ ನೋಡಿದ ಮೇಲೆ ಸುಮ್ನೆ ಇರಲಿಕ್ಕೆ ಆಗಲಿಲ್ಲ.

ಆದರೆ ನೀವು ಹೇಳಿದ್ದು ನಮಗೂ ಆಯಿತು. ತೆಗೆಸಿದ ಎರಡೇ ತಿಂಗಳಿಗೆ ತಿಪ್ಪೆ ವಾಪಸು ಬಂತು. ಆಮೇಲೆ ಊರ ಹೊರಗೆ ಗಾವಠಾಣದ ಒಂದು ತುಂಡು ಜಾಗ ನೋಡಿ, ಮನೆಗೊಂದು ಗುಂಡಿ ಗುರುತು ಹಾಕಿ ಕೊಟ್ಟೆವು. ದನ ಇದ್ದವರ ಹೆಸರು ಬರೆದು, ಅವರ ಎದುರಿಗೇ ಚೀಟಿ ಎತ್ತಿ ಹಂಚಿದೆವು. ದೂರ ಆಯಿತು ಅಂತ ಮೊದಲು ಬೇಸರ ಮಾಡಿಕೊಂಡರು. ಕೈಗಾಡಿ ಹೋಗುವ ಹಾಗೆ ದಾರಿಗೆ ಗರಸು (ಜಲ್ಲಿ ಮಣ್ಣು) ಹಾಕಿಸಿದ ಮೇಲೆ ಬಳಸತೊಡಗಿದರು. ಮುಕ್ಕಾಲು ಮಂದಿ ಈಗ ಅಲ್ಲೇ ಹಾಕುತ್ತಾರೆ. ಉಳಿದವರು ವಯಸ್ಸಾದವರು, ಅವರನ್ನು ನಾವು ಒತ್ತಾಯ ಮಾಡಿಲ್ಲ.

ದುಡ್ಡಿನ ಬಗ್ಗೆಯೂ ಒಂದು ಮಾತು. ಕೇಂದ್ರದ 15ನೇ ಹಣಕಾಸು ಆಯೋಗದಿಂದ ಪಂಚಾಯಿತಿಗೆ 2021–26ರ ಅವಧಿಗೆ ಸಿಕ್ಕ ಹಣದಲ್ಲಿ ಶೇ 60 ಭಾಗ ನೀರು ಮತ್ತು ಸ್ವಚ್ಛತೆಗೇ ಖರ್ಚು ಮಾಡಬೇಕು ಅಂತ ಬಂತು. ಹಾಗಾಗಿ ಏರ್ ವಾಲ್ವಿಗೆ, ಗಟಾರಕ್ಕೆ ಹಣವೇ ಇಲ್ಲ ಅಂತ ಯಾರಾದರೂ ಅಂದರೆ ಕ್ರಿಯಾಯೋಜನೆ ತೋರಿಸಿ ಅಂತ ಕೇಳಿ. ನಮ್ಮ ದೊಡ್ಡ ಖರ್ಚು ಪಂಪುಗಳ ಕರೆಂಟ್ ಬಿಲ್ಲು, ಅದು ನಿಜ. ನೀರಪಟ್ಟಿ ಬಾರದಿದ್ದರೆ ಹೆಸ್ಕಾಂಗೆ ಎಲ್ಲಿಂದ ಕಟ್ಟುವುದು? ಇದನ್ನು ಜನರ ಎದುರಿಗೆ ಕೂತು ಲೆಕ್ಕ ಹಾಕಿ ತೋರಿಸಿದರೆ ಒಪ್ಪುತ್ತಾರೆ. ನಮ್ಮಲ್ಲಿ ಒಪ್ಪಿದರು. ಗೋಡೆಗೆ ಹಚ್ಚಿದರೆ ಒಪ್ಪುವುದಿಲ್ಲ.

ಎರೆಹೊಲ:

ಗಟಾರದ ಮಾತು ಬಂತು, ಎರೆ, ಅಂದರೆ ಕಪ್ಪು ಮಣ್ಣಿನ ಊರಿನವನಾಗಿ ಒಂದು ಹೇಳಬೇಕು. ನಮ್ಮೂರಲ್ಲಿ ಉದ್ಯೋಗ ಖಾತ್ರಿಯಲ್ಲಿ ಮನೆ ಮುಂದೆ ಬಚ್ಚಲು ಗುಂಡಿ ತೋಡಿಸಿದರು. ಎಲ್ಲ ಊರಿಗೂ ಒಂದೇ ಅಳತೆ. ಕೆಂಪು ಮಣ್ಣಿನ ಕಡೆ ಅದು ಚೆನ್ನಾಗಿ ನೀರು ಕುಡಿಯುತ್ತದೆ. ಎರೆ ಮಣ್ಣು ಹಾಗಲ್ಲ. ಒಂದು ಸಲ ನೆನೆದರೆ ಉಬ್ಬಿ ಅಂಟಿನ ಹಾಗೆ ಮುಚ್ಚಿಕೊಳ್ಳುತ್ತದೆ, ನೀರು ಇಳಿಯುವುದೇ ಇಲ್ಲ. ಮೂರೇ ತಿಂಗಳಿಗೆ ಗುಂಡಿ ತುಂಬಿ ಮನೆ ಮುಂದೆ ಕೆಸರು. ನಮ್ಮ ಓಣಿಯಲ್ಲಿ ಒಬ್ಬರು ಮಾತ್ರ ಎರೆ ದಾಟಿ ಕೆಳಗಿನ ಗರಸು ಸಿಗುವ ತನಕ ತೋಡಿಸಿದರು. ಅವರದು ಇವತ್ತಿಗೂ ಸರಿ ಇದೆ.

ಇದೇ ಎರೆ ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ. ಪೈಪಿನ ಜಾಯಿಂಟ್ ಅಲ್ಲೇ ಬಿಡುತ್ತದೆ. ಹೊಸ ಸಿಸಿ ರಸ್ತೆ ಒಡೆದು ಪೈಪು ಹಾಕಿ ಹಾಗೇ ಮಣ್ಣು ಎಳೆದು ಹೋದರೆ ಒಂದು ಮಳೆಗೆ ಕುಸಿಯುತ್ತದೆ. ಕೆಳಗೆ ಮರಳು ಹಾಸಿ ಪೈಪು ಇಡಬೇಕು ಅಂತ ನಮ್ಮೂರ ಗೌಂಡಿಗೂ ಗೊತ್ತು. ಕೆಲಸ ನಡೆಯುವಾಗ ಊರವರು ಒಬ್ಬರು ನಿಂತು ನೋಡಬೇಕು.

ಹೊಸ ಮನೆ (ಹಾವೇರಿ):

ನಡುವೆ ಬಂದು ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಮ್ಮ ಮನೆಗೆ ಪಟ್ಟಿ ಕಟ್ಟುತ್ತಿದ್ದೇವೆ, ಆದರೆ ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಮನೆಯ ಉತಾರ ಬಂದಿಲ್ಲ. ಮನೆ ಕಟ್ಟುವಾಗ ಪರವಾನಿಗೆ ತಗೊಂಡಿರಲಿಲ್ಲ. ನಳದ ಜೊತೆ ಇದಕ್ಕೂ ತೊಂದರೆ ಮಾಡುತ್ತಾರಾ?

ಹಳೆ ಕಾರ್ಯದರ್ಶಿ:

ತಮ್ಮಾ, ಪಟ್ಟಿ, ಉತಾರ, ಜಾಗ ಮೂರೂ ಬೇರೆ ಬೇರೆ ಅಂತ ತಿಳಿದುಕೋ. ಪಟ್ಟಿ ಪಾವತಿ ಮಾಲೀಕತ್ವದ ಕಾಗದ ಅಲ್ಲ. ಇ-ಸ್ವತ್ತಿನ ಉತಾರದಲ್ಲಿ ಫಾರಂ 9 ಮತ್ತು 11ಎ ಬರುವುದು ಜಾಗ, ನಕ್ಷೆ, ಪರವಾನಿಗೆ ಎಲ್ಲ ಸರಿ ಇದ್ದ ಆಸ್ತಿಗೆ. ಹಾಗಿಲ್ಲದ ಆಸ್ತಿಗೆ 11ಬಿ. 2025ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿ ಅಂಥ ಮನೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು 11ಬಿ ಕೊಡಲಿಕ್ಕೆ ದಾರಿಯಾಗಿದೆ. ಜಾಗ ಸರ್ಕಾರದ್ದಾಗಿದ್ದರೆ ಪಂಚಾಯಿತಿ ಅಲ್ಲ, ಭೂಕಂದಾಯ ಕಾಯ್ದೆಯ 94ಸಿ ಅಂತ ತಹಶೀಲ್ದಾರ್ ಕಚೇರಿಯ ವಿಷಯ. ನಿನ್ನದು ಯಾವುದು ಅಂತ ಮೊದಲು ಪಿಡಿಒ ಹತ್ತಿರ ಕೂತು ಕೇಳು. ನಡುವಿನವರಿಗೆ ದುಡ್ಡು ಕೊಡಬೇಡ. ಇದಕ್ಕೆ ಬೇರೆ ಚರ್ಚೆ ಶುರು ಮಾಡಿದರೆ ವಿವರವಾಗಿ ಬರೆಯುತ್ತೇನೆ.

ಸೀಮೆಸುಣ್ಣ (ಗದಗ ಜಿಲ್ಲೆ):

ಶಾಲೆಯಲ್ಲಿ ಕಲಿಸುತ್ತೇನೆ. ಎಷ್ಟು ನೀರು ಅಂತ ಎಲ್ಲರೂ ಕೇಳಿದ್ದೀರಿ, ಯಾವ ನೀರು ಅಂತಲೂ ಕೇಳಿ.

ಮುಂಡರಗಿ ಕಡೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನನ್ನ ತರಗತಿಯಲ್ಲಿ ಕಂದು ಪಟ್ಟೆ ಬಿದ್ದ ಹಲ್ಲಿನ ಮಕ್ಕಳಿದ್ದಾರೆ. ನಗುವಾಗ ಕೈ ಅಡ್ಡ ಹಿಡಿಯುತ್ತಾರೆ. ಅದಕ್ಕೇ ತುಂಗಭದ್ರೆಯ ನೀರನ್ನು ಹಮ್ಮಿಗಿ ಬ್ಯಾರೇಜಿನಿಂದ ತಂದರು. ಆದರೆ ಹೊಳೆ ನೀರು ನಿಂತ ದಿನ ಬೋರಿನ ನೀರನ್ನು ಅದೇ ಟಾಕಿಗೆ ಏರಿಸಿ ಬಿಡುತ್ತಾರೆ, ಯಾರಿಗೂ ಹೇಳುವುದಿಲ್ಲ. ನೋಡಲಿಕ್ಕೆ ಎರಡೂ ತಿಳಿಯೇ. ಕುದಿಸಿದರೆ ಸರಿಯಾಗುತ್ತದೆ ಅಂತ ತಾಯಂದಿರು ತಿಳಿದಿದ್ದಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲಿಕ್ಕೆ ಬಳಸಬಾರದು.

ಪ್ರತಿ ಊರಲ್ಲಿ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಮಾಡುವ ಕಿಟ್ ಕೊಟ್ಟು ಕಲಿಸಬೇಕು ಅಂತ ಜಲಜೀವನ ಮಿಷನ್‌ನಲ್ಲೇ ಇದೆ. ನೀರು ನೈರ್ಮಲ್ಯ ಸಮಿತಿಯಲ್ಲಿ ಅರ್ಧ ಹೆಣ್ಣುಮಕ್ಕಳು ಇರಬೇಕು. ಕೊನೆಮನೆಯವರೇ, ಆ ಐವರು ಯಾರು, ಕಿಟ್ ಎಲ್ಲಿದೆ ಅಂತಲೂ ಅರ್ಜಿಯಲ್ಲಿ ಸೇರಿಸಿ. ನಮ್ಮೂರಲ್ಲಿ ಕಿಟ್ ಕಪಾಟಿನಲ್ಲಿ ಸೀಲ್ ಒಡೆಯದೆ ಇತ್ತು. ಈಗ ನಮ್ಮ ಏಳನೇ ತರಗತಿ ಹುಡುಗಿಯರು ಆಶಾ ಅಕ್ಕನ ಜೊತೆ ನಿಂತು ಪರೀಕ್ಷೆ ನೋಡುತ್ತಾರೆ. ಬೋರ್ ನೀರು ಬಿಟ್ಟ ದಿನ ಟಾಕಿಯ ಕಂಬಕ್ಕೆ ಕೆಂಪು ಬಟ್ಟೆ ಕಟ್ಟುತ್ತಾರೆ. ಆ ದಿನ ಕುಡಿಯುವ ನೀರನ್ನು ಎಲ್ಲರೂ ಶುದ್ಧ ನೀರಿನ ಘಟಕದಿಂದ ತರುತ್ತಾರೆ.

ಕೊನೆಮನೆ:

ಎಂಟು ದಿನ ಬಿಟ್ಟು ಬರೆಯುತ್ತಿದ್ದೇನೆ. ಏನೇನು ಆಯಿತು ಹೇಳುತ್ತೇನೆ.

ನಮ್ಮ ಓಣಿಯ ಒಂಬತ್ತು ಜನ ಹೆಣ್ಣುಮಕ್ಕಳು ಕೂಡಿ ಪಂಚಾಯಿತಿಗೆ ಹೋದೆವು. ಪಿಡಿಒ ಮೊದಲು "ಇದೆಲ್ಲ ಮೇಲಿನಿಂದ ಬಂದದ್ದು" ಅಂದರು. ಕಾಕಾ ಹೇಳಿದ ಹಾಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಕೇಳಿದೆವು. ಅದನ್ನು ಕೊಟ್ಟ ಮೇಲೆ ಮಾತಿನ ಧಾಟಿ ಬದಲಾಯಿತು. ಹಾಜರಾತಿ ಪುಸ್ತಕವನ್ನು ಅಲ್ಲೇ ತೆಗೆದು ತೋರಿಸಿದರು. ನಮ್ಮ ವಾರ್ಡಿನದು ಅಂತ ನಾಲ್ಕು ಸಹಿ ಇತ್ತು. ನಾಲ್ವರೂ ಗಂಡಸರು. ಮೂವರ ಮನೆಯಲ್ಲಿ ಮೋಟರ್ ಇದೆ.

ನಾನು ಜಗಳ ಮಾಡಲಿಲ್ಲ. ವಾರ್ಡ್ ಸಭೆ ಕರೆಯಿರಿ, ಅಲ್ಲಿಯ ತನಕ ಬಿಲ್ಲು, ಜೆಸಿಬಿ ಎರಡೂ ಬೇಡ ಅಂತ ಕೇಳಿದೆ. ಒಪ್ಪಿದ್ದಾರೆ. ಸಭೆ ಹಗಲು ಹನ್ನೊಂದಕ್ಕೆ ಅಂದರು. ಆ ಹೊತ್ತಿಗೆ ನಾವು ಮೆಣಸಿನಕಾಯಿ ಬಿಡಿಸಲಿಕ್ಕೆ ಹೊಲದಲ್ಲಿ ಇರುತ್ತೇವೆ ಅಂತ ಹೇಳಿ ಸಂಜೆ ಆರಕ್ಕೆ ಮಾಡಿಸಿದೆವು. ಜಾಗ ನಮ್ಮ ಓಣಿಯ ಗುಡಿ ಕಟ್ಟೆ.

ನೀರಗಂಟಿ ಅಣ್ಣನನ್ನೂ ಕೇಳಿದೆ. ನಮ್ಮ ಓಣಿಗೆ 35 ನಿಮಿಷ ಬಿಡುತ್ತಾರಂತೆ. ಮೊನ್ನೆ ನೀರು ಬಂದ ದಿನ ಅಳತೆ ಮಾಡಿದೆವು. 15 ಲೀಟರಿನ ಒಂದೇ ಬಕೆಟ್. ಟಾಕಿ ಹತ್ತಿರದ ಮೊದಲ ಮನೆಯಲ್ಲಿ 40 ಸೆಕೆಂಡಿಗೆ ತುಂಬಿತು. ನಡುವಿನ ಮನೆಯಲ್ಲಿ ಒಂದು ನಿಮಿಷ 20 ಸೆಕೆಂಡು. ನಮ್ಮಲ್ಲಿ ಮೂರೂವರೆ ನಿಮಿಷ. ಆಮೇಲೆ ನಡುವಿನ ಎರಡು ಮನೆಯವರನ್ನು ಕೈ ಮುಗಿದು ಕೇಳಿ, ಐದು ನಿಮಿಷ ಮೋಟರ್ ಬಂದ್ ಮಾಡಿಸಿದೆವು. ನಮ್ಮ ಬಕೆಟ್ ಒಂದು ನಿಮಿಷ 50 ಸೆಕೆಂಡಿಗೆ ತುಂಬಿತು! ಮೋಟರ್ ಮನೆಯ ಅಕ್ಕನೂ ನಮ್ಮ ಜೊತೆ ನಿಂತು ನೋಡಿದರು. "ನನಗೆ ಇಷ್ಟು ಅಂತ ಗೊತ್ತಿರಲಿಲ್ಲ ತಂಗಿ" ಅಂದರು. ಅವರು ಸುಳ್ಳು ಹೇಳಲಿಲ್ಲ ಅಂತ ನನಗೆ ಅನ್ನಿಸಿತು.

ಏರ್ ವಾಲ್ವ್ ಹುಡುಕಿದೆವು, ಸಿಗಲಿಲ್ಲ. ಪ್ಲಂಬರ್ ತಮ್ಮ ಹೇಳಿದ ಹಾಗೆ ಕಾಂಕ್ರೀಟ್ ಕೆಳಗೆ ಇರಬಹುದು.

ಈಗ ಸಭೆಯಲ್ಲಿ ಏನು ಬರೆಸಬೇಕು ಹೇಳಿ ಕಾಕಾ.

ಹಳೆ ಕಾರ್ಯದರ್ಶಿ:

ಭಲೇ ತಂಗಿ. ಹೀಗೆ ಬರೆಸು. "ದಿಬ್ಬದ ಮೇಲೆ ಏರ್ ವಾಲ್ವ್, ಓಣಿ ನಡುವೆ ಒಂದು ವಾಲ್ವ್ ಕೂಡಿಸಿ, ಕೊನೆ ಮನೆಯಲ್ಲಿ ಮೂರು ಪಾಳಿ ಅಳತೆ ಮಾಡಿದ ಮೇಲೆ ಮೀಟರ್ ಓದುವುದು. ಅಲ್ಲಿಯ ತನಕ ಹಳೆಯ ನೀರಪಟ್ಟಿ. ಮೋಟರ್ ಬಂದ್ ಮಾಡುವ ನಿಯಮ ಇವತ್ತಿನಿಂದಲೇ, ಎಲ್ಲರ ಮನೆಗೂ. ದನದ ತೊಟ್ಟಿಗೆ ಬೋರಿನ ನೀರು. ತಿಪ್ಪೆಗೆ ಊರ ಹೊರಗೆ ಜಾಗ ಗುರುತು ಮಾಡಿ ಹಂಚಿದ ಮೇಲೆ ಓಣಿಯದನ್ನು ತೆಗೆಸುವುದು." ನಿಮ್ಮ ಬಕೆಟ್ ಲೆಕ್ಕವನ್ನು ಅದೇ ಠರಾವಿನಲ್ಲಿ ಅಂಕಿ ಸಮೇತ ಸೇರಿಸು. ಓದಿ ಹೇಳಿದ ಮೇಲೆ ಕೆಳಗೆ ಖಾಲಿ ಜಾಗ ಬಿಡದೆ ಗೆರೆ ಎಳೆಸಿ ಸಹಿ ಹಾಕಿಸು. ಆಮೇಲೆ ಮೊಬೈಲಿನಲ್ಲಿ ಫೋಟೊ ತೆಗೆದುಕೋ.

ವಾಲ್ವ್ ಚಾವಿ:

ಅಕ್ಕಾ, ಸಭೆಯ ಸಂಜೆ ನೀರು ಬಿಡುವ ಪಾಳಿ ಇಡಬೇಡಿ ಅಂತ ಹೇಳಿ. ಪಾಳಿ ಇದ್ದರೆ ನಿಮ್ಮ ನೀರಗಂಟಿಗೆ ಬರಲಿಕ್ಕೆ ಆಗುವುದಿಲ್ಲ. ಅವರೂ ಅಲ್ಲಿ ಕೂರಲಿ.

ಕೊನೆಮನೆ:

ಹೇಳಿದೆ ಅಣ್ಣಾ. ಪಾಳಿಯನ್ನು ಬೆಳಿಗ್ಗೆಗೆ ಹಾಕಿಕೊಂಡಿದ್ದಾರೆ. ಚಾವಿ ಹಿಡಿದುಕೊಂಡೇ ಬರುತ್ತೇನೆ, ನಡುವಿನ ವಾಲ್ವ್ ಎಲ್ಲಿ ಕೂಡಿಸಬೇಕು ಅಂತ ಅಲ್ಲೇ ತೋರಿಸುತ್ತೇನೆ ಅಂದರು.